ಮುಗಿದ ಮ್ಯಾಚನ್ನು ಗೆಲ್ಲಿಸುವ ಭಾವ

ಮುಗಿದುಹೋದ ಕ್ರಿಕೆಟ್ ಮ್ಯಾಚನ್ನು ಗೆಲ್ಲಿಸುವ ಶಕ್ತಿ ಇರುವವರು ಈ ಭೂಮಿಯ ಮೇಲೆ ಒಬ್ಬರೇ ಒಬ್ಬರಿದ್ದಾರೆ. ಅವರು ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿರುತ್ತಾರೆ, ನನ್ನ ಅಕ್ಕನ ಗಂಡ. ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಾನೂ ಮೊದಮೊದಲು ನಂಬಿರಲಿಲ್ಲ. ಈಗಲೂ ಪೂರ್ತಿ ನಂಬಿಲ್ಲ ಅನ್ನಿ, ಆದರೆ ಹಾಗಂತ ಅವರೆದುರು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ವಿಷಯ ಏನೆಂದರೆ, ನಮ್ಮ ಹುಡುಗರು ಇಂಗ್ಲೆಂಡಿಗೆ ಟೆಸ್ಟ್ ಸರಣಿ ಆಡಲು ಹೋದಾಗ ಅಲ್ಲಿಯ ಆಟ ನಮಗೆ ಬೆಳಗಾಗುತ್ತಲೇ ಶುರುವಾಗುತ್ತದೆ. ನಾವಿಲ್ಲಿ ಮಧ್ಯಾಹ್ನದ ಊಟ ಮುಗಿಸುವ ಹೊತ್ತಿಗೆ ಅಲ್ಲಿ ಆ ದಿನದ ಕಥೆ ಮುಗಿದಿರುತ್ತದೆ. ಭಾವ ಆಗ ಬ್ರಿಡ್ಜ್‌ವಾಟರ್‌ನ ಒಂದು ಔಷಧಿ ಕಂಪನಿಯ ಆಫೀಸಿನಲ್ಲಿರುತ್ತಾರೆ. ಸಂಜೆ ಡ್ರೈವ್ ಮಾಡಿಕೊಂಡು ಮನೆಗೆ ಬಂದು, ಕೈಕಾಲು ತೊಳೆದು, ಚಹಾ ಕುಡಿದು, ಟಿ.ವಿ.ಯ ಮುಂದೆ ಕೂತು ರೆಕಾರ್ಡಿಂಗ್ ಹಾಕುತ್ತಾರೆ. ಅಲ್ಲಿ ಇಂಗ್ಲೆಂಡಿನಲ್ಲಿ ಆಟಗಾರರು ಸ್ನಾನ ಮಾಡಿ, ಊಟ ಮಾಡಿ, ಹೊದ್ದುಕೊಂಡು ಮಲಗಿರುತ್ತಾರೆ. ಇಲ್ಲಿ ನಮ್ಮ ಭಾವ ಅವರನ್ನೆಲ್ಲ ಎಬ್ಬಿಸಿ, ಪ್ಯಾಡು ಕಟ್ಟಿಸಿ, ಮತ್ತೆ ಮೈದಾನಕ್ಕೆ ಇಳಿಸುತ್ತಾರೆ. ಆಮೇಲೆ ಮ್ಯಾಚು ಗೆಲ್ಲಲಿ ಎಂದು ದೇವರಿಗೆ ದೀಪ ಹಚ್ಚುತ್ತಾರೆ!

"ಭಾವ, ಇದು ಮುಗಿದು ಎಷ್ಟೊತ್ತಾಯ್ತು ಗೊತ್ತಾ?" ಎಂದು ನಾನು ಒಂದು ಸಲ ಕೇಳಿದ್ದೆ.

"ನಿನಗ ಮುಗದೈತವಾ," ಅಂದರು. "ನನಗ ಇನ್ನೂ ಟಾಸೂ ಆಗಿಲ್ಲ."

ಭಾವ ಹುಬ್ಬಳ್ಳಿಯವರು. ಅಮೆರಿಕದಲ್ಲಿ ತಲೆ ಬೆಳ್ಳಗಾದರೂ ನಾಲಿಗೆಯ ಮೇಲೆ ಹುಬ್ಬಳ್ಳಿ ಹಾಗೇ ಇದೆ. ಅಕ್ಕ ಮತ್ತು ನಾನು ಮೈಸೂರಿನವರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅಕ್ಕನ ಕನ್ನಡ ಒಂದಿಂಚು ಉತ್ತರಕ್ಕೆ ಸರಿದಿಲ್ಲ, ಭಾವನದು ಒಂದಿಂಚು ದಕ್ಷಿಣಕ್ಕೆ ಬಂದಿಲ್ಲ. ಇವರಿಬ್ಬರ ಮಗಳು ಮಾತ್ರ ಎರಡೂ ಕಡೆಗೆ ನ್ಯಾಯ ಒದಗಿಸಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅವಳು ಹೋಬೋಕನ್‌ನಲ್ಲಿದ್ದುಕೊಂಡು ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡುತ್ತಾಳೆ, ವಾರದ ಕೊನೆಗೆ ಬಟ್ಟೆ ಒಗೆದುಕೊಳ್ಳಲು ತಾಯಿಯ ಮನೆಗೆ ಬರುತ್ತಾಳೆ. ನಾನು ಅಕ್ಕನ ಊರಿನಲ್ಲಿಯೇ ಎರಡು ಸಿಗ್ನಲ್ ಆಚೆ ಇರುವುದರಿಂದ ಬಟ್ಟೆಯ ನೆಪವೂ ಇಲ್ಲದೆ ಹೋಗಿ ಕೂರುತ್ತೇನೆ.

ಹಿಂದೆ ಭಾವ ಎಲ್ಲರಂತೆ ಲೈವ್ ನೋಡುತ್ತಿದ್ದರು. ಎಲ್ಲರಂತೆ ಅಂದೆನೆ? ತಪ್ಪಾಯಿತು. ಸರಣಿ ಬಂತೆಂದರೆ ಒಂದೊಂದು ಟೆಸ್ಟಿಗೂ ಆಫೀಸಿಗೆ ರಜೆ ಹಾಕುತ್ತಿದ್ದರು. ಅವರ ಅಮೆರಿಕನ್ ಮ್ಯಾನೇಜರು, ಪಾಪ ಒಳ್ಳೆಯ ಮನುಷ್ಯ, ಇದು ಐದು ದಿನ ಆಚರಿಸುವ ಯಾವುದೋ ಹಬ್ಬ ಎಂದೇ ಬಹಳ ಕಾಲ ತಿಳಿದಿದ್ದ. ಐದು ದಿನ, ನಡುನಡುವೆ ಊಟ ಮತ್ತು ಚಹಾ, ಕೊನೆಗೆ ಹೆಚ್ಚಾಗಿ ಯಾರೂ ಗೆಲ್ಲುವುದಿಲ್ಲ ಎಂದು ಭಾವ ವಿವರಿಸಿದ ಮೇಲಂತೂ ಅದು ಹಬ್ಬವೇ ಎಂಬುದರಲ್ಲಿ ಅವನಿಗೆ ಸಂಶಯ ಉಳಿಯಲಿಲ್ಲ. ಎದುರು ಸಿಕ್ಕಾಗ "ಹ್ಯಾಪಿ ಟೆಸ್ಟ್" ಎಂದು ಕೈ ಕುಲುಕುತ್ತಿದ್ದ. ಮನೆಯಲ್ಲಿ ಭಾವ ಟಿ.ವಿ.ಯ ಜೊತೆ ಜಗಳವಾಡುವ ಸದ್ದಿಗೆ ಪಕ್ಕದ ಮನೆಯಾಕೆ ಬಂದು, ಎಲ್ಲ ಸರಿಯಾಗಿದೆಯೇ, ಯಾರನ್ನಾದರೂ ಕರೆಯಲೇ ಎಂದು ಅಕ್ಕನನ್ನು ಬಾಗಿಲಲ್ಲೇ ಪಿಸುಮಾತಿನಲ್ಲಿ ಕೇಳಿದ್ದೂ ಉಂಟು.

ಇದೆಲ್ಲ ಬದಲಾದದ್ದು ಈ ವರ್ಷ. ಚಳಿಗಾಲದ ಕೊನೆಯ ಸ್ನೋ ಬಿದ್ದ ದಿನ ಭಾವ ಡ್ರೈವ್‌ವೇ ಸ್ವಚ್ಛ ಮಾಡುತ್ತಾ ಇದ್ದವರು ಹಾಗೆಯೇ ಎದೆ ಹಿಡಿದುಕೊಂಡು ಕೂತುಬಿಟ್ಟರು. ಆಸ್ಪತ್ರೆ, ಆಂಜಿಯೋಗ್ರಾಮ್, ಒಂದು ಸ್ಟೆಂಟ್. ಹೃದಯದ ಡಾಕ್ಟರು ಆಂಧ್ರದವರು, ಅವರಿಗೂ ಕ್ರಿಕೆಟ್ಟಿನ ಹುಚ್ಚಿತ್ತು ಎಂಬುದು ನಮ್ಮ ಅದೃಷ್ಟವೋ ದುರದೃಷ್ಟವೋ ತಿಳಿಯದು. ಡಿಸ್ಚಾರ್ಜಿನ ದಿನ ಉಪ್ಪು, ಎಣ್ಣೆ, ವಾಕಿಂಗು ಎಲ್ಲ ಹೇಳಿ ಮುಗಿಸಿ, ಮನಸ್ಸಿಗೆ ಒಮ್ಮೆಗೇ ಆಘಾತವಾಗುವಂಥದ್ದೇನೂ ಬೇಡ ಅಂದರು.

"ಹಂಗಾರ ಇಂಡಿಯಾ ಸೋಲಬಾರದು ಅಂತ ಚೀಟಿ ಬರದು ಕೊಡ್ರಿ ಡಾಕ್ಟರ," ಅಂದರು ಭಾವ. ಡಾಕ್ಟರಿಗೆ ಕನ್ನಡ ಅಷ್ಟೋ ಇಷ್ಟೋ ಅರ್ಥವಾಗುತ್ತಿತ್ತು. ನಕ್ಕುಬಿಟ್ಟರು. ಆಮೇಲೆ ಒಂದು ಕ್ಷಣ ಯೋಚಿಸಿ, ಬೇಸಿಗೆಯಲ್ಲಿ ಇಂಗ್ಲೆಂಡ್ ಸರಣಿ ಇದೆಯಲ್ಲವೇ, ಲೈವ್ ಬೇಡ, ಬೇಕಾದರೆ ರೆಕಾರ್ಡಿಂಗ್ ನೋಡಿ, ಆದರೆ ರಿಸಲ್ಟ್ ಗೊತ್ತಿರುವವರು ಯಾರಾದರೂ ಪಕ್ಕದಲ್ಲಿ ಕೂತಿರಲಿ ಅಂದರು. ಅವರು ಅರ್ಧ ತಮಾಷೆಗೆ ಹೇಳಿದ್ದಿರಬೇಕು. ಆದರೆ ಅಕ್ಕನ ಮುಖದಲ್ಲಿ ತಮಾಷೆ ಇರಲಿಲ್ಲ. ಅವಳು ಆ ಮಾತನ್ನು ಮಾತ್ರೆಗಳ ಜೊತೆಗೇ ಮನೆಗೆ ತಂದಳು.

ಹೀಗೆ ನಮ್ಮ ಮನೆಯಲ್ಲಿ ಹೊಸ ಪದ್ಧತಿ ಜಾರಿಗೆ ಬಂತು. ದಿನಾ ಬೆಳಿಗ್ಗೆ ಅಕ್ಕ ಲೈವ್ ನೋಡುವುದು. ಯಾವ ಹೊತ್ತಿನಲ್ಲಿ ಯಾವ ಗಂಡಾಂತರ ಬರುತ್ತದೆ ಎಂದು ತಿಳಿದುಕೊಂಡಿರುವುದು. ಸಂಜೆ ಭಾವ ನೋಡುವಾಗ ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತು, ಬಾಯಿ ಬಿಡದೆ, ಅವರ ಹೃದಯ ಕಾಯುವುದು. ಕ್ರಿಕೆಟ್ಟಿನಲ್ಲಿ ಎಷ್ಟು ಜನ ಆಡುತ್ತಾರೆ ಎಂದು ಕೇಳಿದರೆ "ತುಂಬಾ ಜನ" ಅನ್ನುತ್ತಿದ್ದ ನನ್ನ ಅಕ್ಕ!

ಭಾವ ಈ ಪದ್ಧತಿಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಸಂಜೆಯವರೆಗೆ ಯಾರೂ ಏನೂ ಹೇಳಬಾರದು. ಹೇಳಬಾರದು ಅಷ್ಟೇ ಅಲ್ಲ, ಗೊತ್ತಿರುವವರ ಹಾಗೆ ಮುಖವನ್ನೂ ಮಾಡಬಾರದು. ಆಫೀಸಿನ ಮೇಜಿನ ಮೇಲೆ "ದಯವಿಟ್ಟು ಸ್ಕೋರ್ ಹೇಳಬೇಡಿ" ಎಂದು ಇಂಗ್ಲಿಷಿನಲ್ಲಿ ಒಂದು ಹಲಗೆ ಇಟ್ಟರು. ಅದನ್ನು ನೋಡಿದ ಮ್ಯಾನೇಜರು, ಈ ವರ್ಷದ ಹಬ್ಬ ಮೌನವ್ರತದ್ದಿರಬೇಕು ಎಂದುಕೊಂಡು ತಾನೂ ದನಿ ತಗ್ಗಿಸಿ ಮಾತಾಡತೊಡಗಿದ. ಫೋನು ಬೆಳಿಗ್ಗೆಯಿಂದ ಸಂಜೆಯವರೆಗೆ ಕಾರಿನಲ್ಲಿಯೇ ಇರಬೇಕು. ಊಟದ ಹೊತ್ತಿನಲ್ಲಿ ಇಂಡಿಯನ್ನರು ಕೂರುವ ಟೇಬಲ್ಲಿನ ಕಡೆ ಸುಳಿಯದೆ, ಬೇಸ್‌ಬಾಲ್ ಬಗ್ಗೆ ಮಾತಾಡುವವರ ನಡುವೆ ಕೂತು ಚಪಾತಿ ತಿನ್ನುತ್ತಿದ್ದರು. ಬೇಸ್‌ಬಾಲ್ ಬಗ್ಗೆ ಏನಾದರೂ ತಿಳಿಯಿತೇ ಎಂದು ಕೇಳಿದರೆ, "ಅದರಾಗ ಚಹಾಕ್ಕ ಬಿಡೋದಿಲ್ಲ. ಅದೇನು ಆಟ?" ಅಂದರು.

ಹೋಬೋಕನ್‌ನ ಮಗಳೂ ತನ್ನ ಕೈಲಾದ ಸೇವೆ ಮಾಡಿದಳು. ರೆಕಾರ್ಡಿಂಗ್ ಇನ್ನೂ ಎಷ್ಟು ಉಳಿದಿದೆ ಎಂದು ಟಿ.ವಿ.ಯ ಕೆಳಗಡೆ ಒಂದು ಗೆರೆ ತೋರಿಸುತ್ತದಲ್ಲ, ಅದು ಚಿಕ್ಕದಿದ್ದರೆ ನಾವು ಬೇಗ ಆಲೌಟ್ ಆಗಿದ್ದೇವೆ ಎಂದರ್ಥ. ಭಾವನ ಕಣ್ಣು ಅದರ ಮೇಲೆ ಬೀಳದಿರಲಿ ಎಂದು ಅವಳು ಟಿ.ವಿ.ಯ ಉದ್ದಕ್ಕೂ ಕಪ್ಪು ಟೇಪು ಅಂಟಿಸಿಟ್ಟಳು. ಇದರಿಂದ ಬ್ಯಾಟುಗಾರರ ಕಾಲುಗಳು ಕಾಣದಾದವು. ಎಲ್ಲರೂ ಮೊಣಕಾಲುದ್ದ ನೀರಿನಲ್ಲಿ ನಿಂತು ಆಡಿದಂತೆ ಕಾಣುತ್ತಿತ್ತು. ಎಲ್‌ಬಿಡಬ್ಲ್ಯು ಆದರೆ ಏನು ಗತಿ ಎಂದು ನಾನು ಕೇಳಿದೆ. "ಅಂಪೈರಿಗೆ ಕಂಡ್ರ ಸಾಕು, ನನಗ ಕಾಣೂದು ಬ್ಯಾಡ," ಅಂದರು ಭಾವ.

ಮೊದಲ ಟೆಸ್ಟಿನಲ್ಲಿಯೇ ಪದ್ಧತಿಯ ಒಂದು ಲೋಪ ಹೊರಬಿತ್ತು. ನಮ್ಮವರು ಚೆನ್ನಾಗಿಯೇ ಆಡುತ್ತಿದ್ದರು. ಭಾವ ದಿಂಬಿಗೆ ಒರಗಿ, ನಮ್ಮ ನಾಯಕನ ಕವರ್ ಡ್ರೈವ್ ನೋಡಿ ತಲೆದೂಗುತ್ತಿದ್ದರು. ಅಕ್ಕ ಇದ್ದಕ್ಕಿದ್ದಂತೆ ಎದ್ದು ಹೋಗಿ ಒಂದು ಲೋಟ ನೀರು ತಂದಳು.

"ಸ್ವಲ್ಪ ನೀರು ಕುಡೀರಿ."

ಭಾವ ಕುಡಿದರು. ಮುಂದಿನ ಬಾಲಿಗೆ ನಾಯಕ ಔಟು. ಭಾವ ತಲೆಯ ಮೇಲೆ ಕೈಹೊತ್ತು ಕೂತರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಮತ್ತೆ ನೀರು ತಂದಳು, ಮತ್ತೆ ಒಂದು ವಿಕೆಟ್ಟು ಹೋಯಿತು. ಮೂರನೆಯ ಸಲ ಅಕ್ಕ ಅಡುಗೆಮನೆಯ ಕಡೆ ತಿರುಗಿದ್ದೇ ತಡ, ಭಾವ ಕೈ ಅಡ್ಡ ಹಿಡಿದರು.

"ಕುಂದರು ಅಲ್ಲೇ. ಏಳಬ್ಯಾಡ. ನೀ ನೀರು ತಂದಾಗೆಲ್ಲ ವಿಕೆಟ್ ಬೀಳಾಕತ್ತೈತಿ."

"ರೀ, ವಿಕೆಟ್ ಬೀಳುತ್ತೆ ಅಂತ ನಾನು ನೀರು ತರ್ತಿರೋದು."

"ಅದನ್ನ ನಾನೂ ಹೇಳಾಕತ್ತೇನಿ. ತರಬ್ಯಾಡ, ಬೀಳೂದಿಲ್ಲ."

ಈ ತರ್ಕಕ್ಕೆ ಎಲ್ಲಿಂದ ಕೈ ಹಾಕುತ್ತೀರಿ? ಅಕ್ಕ ನನ್ನ ಮುಖ ನೋಡಿದಳು, ನಾನು ಹುರುಳಿಕಾಯಿಯ ಮುಖ ನೋಡಿದೆ. ಮರುದಿನದಿಂದ ಅಕ್ಕ ಉಪಾಯ ಬದಲಿಸಿದಳು. ವಿಕೆಟ್ಟು ಬೀಳಲಿ ಬೀಳದಿರಲಿ, ಒಂದೊಂದು ಹೊತ್ತಿಗೆ ಒಂದೊಂದು ಲೋಟ ನೀರು. ಭಾವನಿಗೆ ಸುಳಿವು ಸಿಗುವುದು ತಪ್ಪಿತು. ಆದರೆ ಆ ಟೆಸ್ಟು ಮುಗಿಯುವವರೆಗೆ ಅವರು ಬಾತ್‌ರೂಮಿಗೆ ಓಡಾಡಿದಷ್ಟು ನಮ್ಮ ಬ್ಯಾಟುಗಾರರು ಪಿಚ್ಚಿನ ಮೇಲೆ ಓಡಲಿಲ್ಲ. ಆ ಟೆಸ್ಟು ಸೋತೆವು.

ವಾರದ ದಿನಗಳು ಹೇಗೋ ಸಾಗುತ್ತಿದ್ದವು. ಕಷ್ಟವೆಲ್ಲ ಶನಿವಾರ, ಭಾನುವಾರದ್ದು. ಬೆಳಿಗ್ಗೆ ಆಟ ನಡೆಯುವಾಗ ಭಾವನೂ ಮನೆಯಲ್ಲಿ, ಅಕ್ಕನೂ ಮನೆಯಲ್ಲಿ. ಅಕ್ಕ ಬೇಸ್‌ಮೆಂಟಿನಲ್ಲಿ ಬಾಗಿಲು ಹಾಕಿಕೊಂಡು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ನೋಡುತ್ತಿದ್ದಳು. ಭಾವ ಮೇಲೆ ಬೇಕೆಂದೇ ಮಿಕ್ಸಿ ಹಾಕುವುದು, ಹಾಡುವುದು, ಹುಲ್ಲು ಕತ್ತರಿಸುವ ಯಂತ್ರ ಓಡಿಸುವುದು ಮಾಡುತ್ತಿದ್ದರು. ನೆರೆಹೊರೆಯಲ್ಲಿ ಅಷ್ಟು ನುಣ್ಣಗೆ ಹುಲ್ಲು ಕತ್ತರಿಸಿದ ಅಂಗಳ ಇನ್ನೊಂದಿರಲಿಲ್ಲ. ಹುಲ್ಲು ಬೆಳೆಯಲು ಬಿಟ್ಟರೆ ತಾನೆ?

ಎರಡನೆಯ ಟೆಸ್ಟಿನ ಭಾನುವಾರ ಬೇಸ್‌ಮೆಂಟಿನಿಂದ ಅಕ್ಕ ಕಿರುಚಿದ ಸದ್ದು ಕೇಳಿಸಿತು. ಭಾವ ಮೆಟ್ಟಿಲ ತುದಿಗೆ ಓಡಿ ಬಂದು, ಎರಡೂ ಕಿವಿ ಮುಚ್ಚಿಕೊಂಡು, "ಅದು ಖುಷೀದೋ ದುಃಖದ್ದೋ ಹೇಳಬ್ಯಾಡ," ಎಂದು ಕೂಗಿ ಹೇಳಿದರು. ಅಕ್ಕ ಮೇಲೆ ಬಂದಾಗ ಅವಳ ಮುಖದಲ್ಲಿ ಖುಷಿಯೂ ಇರಲಿಲ್ಲ, ದುಃಖವೂ ಇರಲಿಲ್ಲ. ಸಂಜೆ ನೋಡಿದರೆ ನಮ್ಮ ವೇಗದ ಬೌಲರು ಒಂದೇ ಓವರಿನಲ್ಲಿ ಎರಡು ವಿಕೆಟ್ಟು ಕಿತ್ತಿದ್ದ. ಅಂಥದ್ದನ್ನು ಅವಳು ಹೊಟ್ಟೆಯಲ್ಲಿಟ್ಟುಕೊಂಡು ಮಧ್ಯಾಹ್ನ ನಮಗೆಲ್ಲ ಬಿಸಿಬೇಳೆಭಾತ್ ಬಡಿಸಿದ್ದಳು. "ಅಮ್ಮಾ ಶುಡ್ ಪ್ಲೇ ಪೋಕರ್," ಅಂದಳು ಮಗಳು.

ಅದೇ ಟೆಸ್ಟಿನ ಶನಿವಾರ ಭಾವ ಬ್ರಿಡ್ಜ್‌ವಾಟರ್‌ನ ದೇವಸ್ಥಾನಕ್ಕೆ ಹೋಗಬೇಕೆಂದು ಹಟ ಹಿಡಿದಿದ್ದರು. ಅಲ್ಲಿ ಗುಂಪುಗುಂಪಾಗಿ ನಿಂತು ಸ್ಕೋರ್ ಮಾತಾಡುವವರೇ ಎಲ್ಲ. ಭಾವ ತಲೆ ತಗ್ಗಿಸಿ, ಕಿವಿಗಳಲ್ಲಿ ಬೆರಳಿಟ್ಟುಕೊಂಡು, ಕಣ್ಣು ಅರೆಮುಚ್ಚಿ ಪ್ರದಕ್ಷಿಣೆ ಹಾಕಿದರು. ಆ ಭಕ್ತಿಯನ್ನು ಕಂಡು ಇಬ್ಬರು ಆಂಟಿಯರು ದಾರಿ ಬಿಟ್ಟು ಪಕ್ಕಕ್ಕೆ ನಿಂತು ಕೈಮುಗಿದರು. ಗರ್ಭಗುಡಿಯ ಮುಂದೆ ಭಾವ ಬಹಳ ಹೊತ್ತು ನಿಂತರು. ನನಗೆ ತಡೆಯಲಾಗಲಿಲ್ಲ.

"ಭಾವ, ಈ ಹೊತ್ತಿಗೆ ಇವತ್ತಿನ ಆಟ ಮುಗಿದಿರುತ್ತೆ. ದೇವರಿಗೆ ರಿಸಲ್ಟ್ ಗೊತ್ತಿರುತ್ತಲ್ವಾ?"

"ಗೊತ್ತಿರತೈತಿ. ಆದ್ರ ಅವ ಹೇಳಂಗಿಲ್ಲ," ಅಂದರು. "ಅದಕ್ಕ ಅವನ್ನ ನಂಬೇನಿ."

ಆ ಟೆಸ್ಟು ಗೆದ್ದೆವು. ಅದು ಯಾರ ದೆಸೆಯಿಂದ ಎಂದು ನಾನು ಹೇಳಬೇಕಾಗಿಲ್ಲ.

ಗೆದ್ದ ಮೇಲೆ ಭಾವನ ಆಸೆಗಳಿಗೆ ರೆಕ್ಕೆ ಬಂತು. ಸುಳಿವು ಬೇಡ ಬೇಡ ಎನ್ನುತ್ತಲೇ ಕಂಡಕಂಡವರ ಮುಖದಲ್ಲಿ ಸುಳಿವು ಹುಡುಕಲು ಶುರು ಮಾಡಿದರು. ಮೂರನೆಯ ಟೆಸ್ಟಿನ ಕೊನೆಯ ದಿನ ಆಫೀಸಿನಿಂದ ಬರುತ್ತಾ ಇಂಡಿಯನ್ ಅಂಗಡಿಗೆ ಕೊತ್ತಂಬರಿ ಸೊಪ್ಪಿಗೆಂದು ಹೋಗಿದ್ದಾರೆ. ಅಲ್ಲಿ ಒಬ್ಬ ಅಂಕಲ್ಲು ನಗುನಗುತ್ತಾ ಮೈಸೂರುಪಾಕು, ಜಿಲೇಬಿ, ಬರ್ಫಿ ಎಲ್ಲವನ್ನೂ ಪೆಟ್ಟಿಗೆಗಟ್ಟಲೆ ಕಟ್ಟಿಸುತ್ತಿದ್ದರಂತೆ. ಭಾವ ಅಲ್ಲಿ ನಿಲ್ಲಲಿಲ್ಲ. ಕೊತ್ತಂಬರಿಯನ್ನೂ ಮರೆತು ಮನೆಗೆ ಬಂದರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಆದರೆ ಮೊದಲ ಓವರಿನಿಂದಲೇ ಎರಡೂ ಕಾಲುಗಳನ್ನು ಸ್ಟೂಲಿನ ಮೇಲೆ ಹಾಕಿ, ಗೆದ್ದವರ ಗತ್ತಿನಲ್ಲಿ ಕೂತರು. ವಿಕೆಟ್ಟು ಬಿದ್ದರೂ ಮುಗುಳ್ನಗೆ. ಇನ್ನೊಂದು ಬಿದ್ದರೂ "ಬೀಳಲಿ, ಬೀಳಲಿ". ಅಕ್ಕ ಗಾಬರಿಯಾಗಿ ನನ್ನನ್ನು ಅಡುಗೆಮನೆಗೆ ಕರೆದು, "ಇವರಿಗೆ ಏನೋ ಆಗಿದೆ ಕಣೆ, ನಗ್ತಿದ್ದಾರೆ," ಅಂದಳು.

ಕೊನೆಯವನೂ ಔಟಾಗಿ ನಾವು ಸೋತಾಗ ಭಾವ ಕಾಲು ಕೆಳಗಿಳಿಸಿದರು. "ಹಂಗಾರ ಆ ಮನುಷ್ಯಾ ಸ್ವೀಟ್ ಯಾಕ ತಗೊಂಡ?" ಎಂದು ಕೇಳಿದರು. ಆಗಷ್ಟೇ ನಮಗೆ ವಿಷಯ ತಿಳಿದದ್ದು. ಮೊಮ್ಮಗ ಹುಟ್ಟಿರಬಹುದು, ಮಗಳ ಗ್ರೀನ್ ಕಾರ್ಡ್ ಬಂದಿರಬಹುದು ಎಂದು ನಾವು ಏನೆಲ್ಲ ಸಮಾಧಾನ ಹೇಳಿದರೂ ಭಾವ ಒಪ್ಪಲಿಲ್ಲ. ಟೆಸ್ಟ್ ನಡೆಯುವಾಗ ಮೊಮ್ಮಗ ಹುಟ್ಟಿದರೂ ಜನ ಸ್ವಲ್ಪ ಜವಾಬ್ದಾರಿಯಿಂದ ನಡೆದುಕೊಳ್ಳಬೇಕು ಎಂಬುದು ಅವರ ಅಭಿಪ್ರಾಯ.

ಇನ್ನು ನಮ್ಮ ಕಷ್ಟ ಕೇಳುವವರಾರು? ಒಳ್ಳೆಯ ಜೊತೆಯಾಟ ಕುದುರಿಕೊಂಡಿತೆಂದರೆ ಮನೆಯಲ್ಲಿ ಯಾರೂ ಇದ್ದ ಜಾಗದಿಂದ ಕದಲುವಂತಿಲ್ಲ. ಕೂತವರು ಕೂತಂತೆ, ನಿಂತವರು ನಿಂತಂತೆ. ನಾನೊಂದು ದಿನ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಮೆಟ್ಟಿಲು ಹತ್ತುವಾಗ ಅಂಥದೊಂದು ಜೊತೆಯಾಟ ಕುದುರಿಕೊಂಡಿತು. "ಅಲ್ಲೇ ನಿಂದರು," ಎಂದು ಆಜ್ಞೆಯಾಯಿತು. ಬೆಳಿಗ್ಗೆಯೇ ಆಡಿ ಮುಗಿಸಿ ಮಲಗಿದ್ದ ಇಬ್ಬರು ಹುಡುಗರಿಗೋಸ್ಕರ ನಾನು ಸಂಜೆ ನಡುಮೆಟ್ಟಿಲಲ್ಲಿ ಬುಟ್ಟಿ ಹೊತ್ತು ನಿಂತೆ. ಚಹಾ ವಿರಾಮ ಬಂದಾಗ ಇಳಿಯಬಹುದು ಎಂದುಕೊಂಡರೆ, ರೆಕಾರ್ಡಿಂಗಿನಲ್ಲಿ ಭಾವ ವಿರಾಮವನ್ನು ಹಾರಿಸಿಬಿಟ್ಟರು.

ಇಷ್ಟೆಲ್ಲ ಹೇಳಿ ಅಕ್ಕನ ಅವಸ್ಥೆ ಹೇಳದಿದ್ದರೆ ತಪ್ಪಾಗುತ್ತದೆ. ಸರಣಿ ಅರ್ಧಕ್ಕೆ ಬರುವ ಹೊತ್ತಿಗೆ ಅವಳು ಬೆಳಿಗ್ಗೆ ನನಗೆ ಫೋನ್ ಮಾಡುವುದು ಶುರುವಾಗಿತ್ತು. ನಾನು ಮನೆಯಿಂದಲೇ ಆಫೀಸಿನ ಕೆಲಸ ಮಾಡುವವಳಾದ್ದರಿಂದ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ಆ ಹುಡುಗ ಯಾಕೆ ಹೊರಗೆ ಹೋಗೋ ಬಾಲನ್ನ ಮುಟ್ಟೋಕೆ ಹೋಗ್ತಾನೆ? ಅದರ ಪಾಡಿಗೆ ಅದು ಹೋಗ್ತಿತ್ತಲ್ವಾ?"

"ನಂಗೇನು ಗೊತ್ತು ಅಕ್ಕ."

"ಇವನು ಹೋದ ಅಂದ್ರೆ ಇವರು ಸಂಜೆ ಊಟ ಬಿಡ್ತಾರೆ. ಊಟ ಬಿಟ್ರೆ ಮಾತ್ರೆ ಹೇಗೆ ಕೊಡೋದು?"

ಅವಳ ಕ್ರಿಕೆಟ್ ಅಷ್ಟೇ. ಬ್ಯಾಟು ಬೀಸಿದವನು ಯಾರು, ಎಷ್ಟು ಹೊಡೆದ ಎಂಬುದು ಅವಳಿಗೆ ಬೇಕಿರಲಿಲ್ಲ. ಒಂದೊಂದು ವಿಕೆಟ್ಟು ಬಿದ್ದಾಗಲೂ ಇದು ಸಂಜೆ ಇವರ ಎದೆಗೆ ಎಷ್ಟು ಜೋರಾಗಿ ಬಡಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದಳು. ಸಿಕ್ಸರ್ ಹೋದರೂ ಅವಳಿಗೆ ಹೆದರಿಕೆಯೇ. ನಾಲ್ಕನೆಯ ಟೆಸ್ಟಿನಲ್ಲಿ ಮೋಡ ಕವಿದು ಮಳೆ ಹಿಡಿದುಕೊಂಡಾಗ ಇಂಗ್ಲೆಂಡಿನವರೂ ಬೇಸರಪಟ್ಟರು, ಇಂಡಿಯಾದವರೂ ಬೇಸರಪಟ್ಟರು. ಲೋಕದಲ್ಲಿ ಸಂತೋಷಪಟ್ಟವಳು ನನ್ನ ಅಕ್ಕ ಒಬ್ಬಳೇ. "ಎಷ್ಟು ಚೆನ್ನಾಗಿ ಮಳೆ ಬರ್ತಿದೆ ನೋಡೆ," ಎಂದು ಫೋನಿನಲ್ಲಿ ಹೇಳಿದಳು. ಅವಳ ದನಿ ಅಷ್ಟು ಹಗುರವಾಗಿ ಕೇಳಿ ಬಹಳ ದಿನವಾಗಿತ್ತು. ಆ ಟೆಸ್ಟು ಡ್ರಾ ಆಯಿತು. ಸಂಜೆ ಭಾವ, ಮೈದಾನಕ್ಕೆ ಹೊದಿಸಿದ ಹೊದಿಕೆಯನ್ನೇ ಗಂಟೆಗಟ್ಟಲೆ ನೋಡುತ್ತಾ ಕೂತಿದ್ದರು. ಹಾರಿಸಿ ನೋಡಿ ಎಂದರೆ ಕೇಳಲಿಲ್ಲ. ಹಾರಿಸಿದ ಮೇಲೆ ಮಳೆ ನಿಂತಿದ್ದರೆ ಏನು ಮಾಡುವುದು ಎಂದರು.

ಉಳಿದದ್ದು ಐದನೆಯ ಟೆಸ್ಟು. ಗೆದ್ದರೆ ಸರಣಿ ಸಮ, ಇಲ್ಲವಾದರೆ ಇಲ್ಲ. ಐದನೆಯ ದಿನ ಸೋಮವಾರ. ಇಂಗ್ಲೆಂಡಿನವರು ಗೆಲುವಿನ ಹತ್ತಿರ ಬಂದು ನಿಂತಿದ್ದರು, ಅವರ ಕೊನೆಯ ಮೂರು ವಿಕೆಟ್ಟುಗಳು ಕೈಯಲ್ಲಿದ್ದವು. ಅಂದು ಬೆಳಿಗ್ಗೆ ಅಕ್ಕ ನನಗೆ ಫೋನ್ ಮಾಡಲಿಲ್ಲ. ನಾನೇ ಮಾಡಿದರೆ, "ಆಮೇಲೆ ಮಾತಾಡ್ತೀನಿ ಕಣೆ," ಎಂದು ಇಟ್ಟುಬಿಟ್ಟಳು. ಏನಾಯಿತೆಂದು ಬೇರೆಡೆ ನೋಡಿ ತಿಳಿಯಬಹುದಿತ್ತು. ಆದರೆ ಸಂಜೆ ಭಾವನ ಎದುರು ಕೂರಬೇಕಲ್ಲ, ನನ್ನ ಮುಖ ಅಕ್ಕನ ಮುಖದಂಥದ್ದಲ್ಲ. ಹಾಗಾಗಿ ನಾನೂ ನೋಡದೇ ಉಳಿದೆ. ಮಗಳೂ ಅಷ್ಟೇ. ಬಟ್ಟೆ ಒಗೆಯಲು ಬಂದವಳು ಸೋಮವಾರವೂ ತಂದೆಯ ಮನೆಯಲ್ಲಿಯೇ ಉಳಿದುಕೊಂಡು, ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡಿದ್ದಳು.

ಸಂಜೆ ಬಿಸಿಲು ಇನ್ನೂ ಜೋರಾಗಿತ್ತು. ಭಾವ ಬಂದರು, ಕೈಕಾಲು ತೊಳೆದರು, ದೀಪ ಹಚ್ಚಿದರು, ಕೂತರು. ಅಕ್ಕ ಹುರುಳಿಕಾಯಿಯ ಬುಟ್ಟಿ ತೆಗೆದುಕೊಂಡು ಪಕ್ಕದಲ್ಲಿ ಕೂತಳು. ಮಗಳು ನೆಲದ ಮೇಲೆ, ನಾನು ಕುರ್ಚಿಯಲ್ಲಿ.

ಸ್ವಲ್ಪ ಹೊತ್ತಿನಲ್ಲೇ ಒಂದು ವಿಕೆಟ್ಟು ಬಿತ್ತು. ಆಮೇಲೆ ರನ್ನುಗಳು ಒಂದೊಂದಾಗಿ, ಎರಡೆರಡಾಗಿ ಸೋರತೊಡಗಿದವು. ಸ್ಲಿಪ್ಪಿನಲ್ಲಿ ಒಂದು ಕ್ಯಾಚು ಕೈಜಾರಿತು. ನಾನು ಭಾವನನ್ನು ನೋಡಿದೆ. ಅವರು ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡದೆ ಕೂತಿದ್ದರು. ಇನ್ನೊಂದು ವಿಕೆಟ್ಟು ಬಿತ್ತು. ಈಗ ನಮಗೆ ಬೇಕಾದದ್ದು ಒಂದೇ ವಿಕೆಟ್ಟು, ಅವರಿಗೆ ಬೇಕಾದದ್ದು ಬೆರಳೆಣಿಕೆಯ ರನ್ನು. ಆಟ ಯಾರ ಕಡೆಗೆ ಬೇಕಾದರೂ ಮುಂದಿನ ಬಾಲಿಗೇ ಮುಗಿಯಬಹುದು. ನಮ್ಮ ಬೌಲರು ಓಡಿ ಬರತೊಡಗಿದ.

ಭಾವ ರಿಮೋಟ್ ಎತ್ತಿ ನಿಲ್ಲಿಸಿಬಿಟ್ಟರು. ಬೌಲರು ಗಾಳಿಯಲ್ಲಿ ಒಂದು ಕೈ ಎತ್ತಿಕೊಂಡು ನಿಂತ.

"ಯಾಕ್ರೀ? ಏನಾಗ್ತಿದೆ? ಎದೆ ನೋಯ್ತಿದ್ಯಾ?" ಅಕ್ಕ ಬುಟ್ಟಿ ಕೆಳಗಿಟ್ಟಳು.

"ನನಗ ಏನೂ ಆಗಿಲ್ಲ. ನಿನ್ನ ಬುಟ್ಟಿ ನೋಡು."

ಆಗ ನಾವೆಲ್ಲ ನೋಡಿದೆವು. ಅಕ್ಕ ಕಾಯನ್ನೆಲ್ಲ ಕಸಕ್ಕೆ ಹಾಕಿ, ನಾರನ್ನು ಬುಟ್ಟಿಗೆ ತುಂಬಿದ್ದಳು. ರಿಸಲ್ಟ್ ಗೊತ್ತಿದ್ದವಳು ಆ ಕೋಣೆಯಲ್ಲಿ ಅವಳೊಬ್ಬಳೇ, ಅಷ್ಟು ಹೆದರಿದ್ದವಳೂ ಅವಳೊಬ್ಬಳೇ.

"ಇದನ್ನ ಮುಂಜಾನೆ ನೀ ಒಬ್ಬಾಕಿನ ನೋಡಿದಿ?" ಎಂದು ಭಾವ ಕೇಳಿದರು.

"ಇನ್ಯಾರಿದ್ರು? ನೀವು ಆಫೀಸಲ್ಲಿ. ಇವಳು ಮೇಲೆ ಬಾಗಿಲು ಹಾಕ್ಕೊಂಡು ಕೂತಿದ್ಲು."

"ಅಂಜಿಕಿ ಬಂತು?"

ಆಸ್ಪತ್ರೆಯಲ್ಲಿ ಒಂದು ಹನಿ ಕಣ್ಣೀರು ಹಾಕದವಳು, ಡಾಕ್ಟರು ಹೇಳಿದ್ದನ್ನೆಲ್ಲ ತಲೆಯಾಡಿಸಿ ಕೇಳಿಕೊಂಡು ಬಂದಿದ್ದ ಅಕ್ಕ, ಸೆರಗು ತೆಗೆದು ಮುಖ ಒರೆಸಿಕೊಂಡಳು.

"ಸೋತ್ರೆ ನಿಮಗೆ ಸಂಕಟ ಆಗುತ್ತೆ, ಗೆದ್ರೆ ನೀವು ಎದ್ದು ಕುಣೀತೀರಿ. ನಂಗೆ ಎರಡಕ್ಕೂ ಭಯ ರೀ. ಅವತ್ತು ಸ್ನೋ ತೆಗೀತಾ ತೆಗೀತಾ ಕೂತ್ಬಿಟ್ರಲ್ಲ, ನಾನು ಕಿಟಕಿಯಿಂದ ನೋಡ್ತಾ ಇದ್ದೆ. ದಿನಾ ಬೆಳಿಗ್ಗೆ ಟಿ.ವಿ.ಲಿ ಏನೇ ಬರ್ತಿದ್ರೂ ನಂಗೆ ಅದೇ ಕಾಣುತ್ತೆ. ಇದು ಇವರಿಗೆ ತಡೆಯುತ್ತಾ, ಇದು ತಡೆಯುತ್ತಾ ಅಂತ."

ಇಡೀ ಬೇಸಿಗೆ ಎಲ್ಲರ ಬಾಯಿಗೆ ಬೀಗ ಹಾಕಿಸಿದ್ದ ಭಾವ, ಅಕ್ಕನ ಕಡೆಗೆ ತಿರುಗಿ, "ಹಂಗಾರ ಹೇಳಿಬಿಡು. ಏನಾತು?" ಎಂದು ಕೇಳಿದರು.

"ಡ್ಯಾಡ್, ಯೂ ಡೋಂಟ್ ವಾಂಟ್ ಟು ನೋ," ಅಂದಳು ಮಗಳು. "ಇನ್ನು ಒಂದೇ ವಿಕೆಟ್. ಜಸ್ಟ್ ವಾಚ್ ಇಟ್."

"ನೋಡೂಣಂತ. ಮೊದಲ ಆಕಿ ಹೇಳಲಿ." ಅವರು ಅಕ್ಕನ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು. "ಮುಂಜಾನಿಂದ ಒಬ್ಬಾಕಿನ ಹೊತ್ಕೊಂಡು ಅಡ್ಡಾಡಾಕತ್ತಿ. ನನಗೂ ಒಂದೀಟು ಕೊಡು."

ಅಕ್ಕ ನಮ್ಮಿಬ್ಬರನ್ನೂ ನೋಡಿದಳು. ಹೇಳಬಹುದೇ ಎಂದು ನಮ್ಮ ಅಪ್ಪಣೆ ಕೇಳಿದಂತಿತ್ತು. ಆಮೇಲೆ ಬಹಳ ಮೆಲ್ಲಗೆ, "ಗೆದ್ವಿ ರೀ," ಅಂದಳು. ಅಷ್ಟು ಹೇಳಿ ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ, ಯಾಕೆ ಸುಳ್ಳು ಹೇಳಲಿ.

"ಗೆದ್ದಾಗ ನೀನು ಏನ್ ಮಾಡ್ದೆ ಅಕ್ಕ?" ಎಂದು ಕೇಳಿದೆ.

"ಟಿ.ವಿ. ಆಫ್ ಮಾಡಿ ಪಾತ್ರೆ ತೊಳೆದೆ."

ಭಾವ ರಿಮೋಟನ್ನು ಅಕ್ಕನ ಕೈಗೆ ಕೊಟ್ಟರು. ಅವಳು ಒತ್ತಿದಳು. ಬೌಲರು ಓಡಿ ಬಂದ, ಬಾಲು ಎಸೆದ, ಏನೂ ಆಗಲಿಲ್ಲ. ಇನ್ನೊಂದು ಬಾಲು, ಆಗಲೂ ಏನೂ ಆಗಲಿಲ್ಲ. ಮೂರನೆಯದಕ್ಕೆ ಸ್ಟಂಪು ಹಾರಿ ಹೋಯಿತು. ಕೂಗುತ್ತಾ ಎದ್ದು ನಿಂತವಳು ನನ್ನ ಅಕ್ಕ. ಅಷ್ಟು ಗಟ್ಟಿಯಾಗಿ ಅವಳು ಕೂಗಿದ್ದನ್ನು ಮದುವೆಯಾದಾಗಿನಿಂದ ಯಾರೂ ಕೇಳಿರಲಿಲ್ಲ. ಮಗಳೂ ಎದ್ದಳು, ನಾನೂ ಎದ್ದೆ.

ಭಾವ ಮಾತ್ರ ಏಳಲಿಲ್ಲ. ಅಕ್ಕನ ಕೈ ಬಿಡದೆ, ಟಿ.ವಿ.ಯ ಕಡೆ ನೋಡದೆ, ಅವಳನ್ನೇ ನೋಡುತ್ತಾ ಕೂತಿದ್ದರು.

"ಸಾವಕಾಶ, ಸಾವಕಾಶ," ಅಂದರು. "ನಿನಗ ಏನರ ಆದ್ರ ನಾ ಏನ್ ಮಾಡ್ಲಿ?"